ಮೂರು ಕೌದಿ ಒಟ್ಟಿಗೆ ಹಿಡಿದಾಗ

ಕೌದಿಯೆಂದರೆ ಹಳೆ ಅರಿವೆಯ ಪದರಗಳನ್ನು ಕೂಡಿಸಿ ಹೊಲಿದ ಹೊದಿಕೆ. ಅದಕ್ಕೆ ಬೇಕಾದ ಅರಿವೆ ಒಂದೇ ಸಲಕ್ಕೆ ಕೂಡಿ ಬರುವುದಿಲ್ಲ. ಧೋತರ ಈ ವರ್ಷ ಸವೆಯುತ್ತದೆ, ಇಳಕಲ್ ಸೀರೆ ಮುಂದಿನ ವರ್ಷ ಪೆಟ್ಟಿಗೆಯಿಂದ ಹೊರಬೀಳುತ್ತದೆ, ನಡುವೆ ಬಳ್ಳಾರಿಯ ಜೀನ್ಸ್ ಘಟಕದ ಚಿಂದಿ ಒಂದು ಚೀಲ ಮನೆಗೆ ಬರುತ್ತದೆ. ಹೀಗಾಗಿ ಎರಡು ಮೂರು ಕೌದಿ ಏಕಕಾಲಕ್ಕೆ ಸಾಗುವುದು ಸಹಜ. ತೊಂದರೆ ಶುರುವಾಗುವುದು ಮೂರೂ ಒಂದೇ ಹಂತದಲ್ಲಿ ನಿಂತಾಗ. ಕಚ್ಚಾ ಹೊಲಿಗೆ (ಪದರ ಸರಿಯದಂತೆ ತಾತ್ಕಾಲಿಕವಾಗಿ ಹಾಕುವ ದೂರದೂರದ ಹೊಲಿಗೆ) ಹಾಕಿದ ಮೂರು ಕೌದಿ ಮಡಿಸಿಟ್ಟರೆ ಮಡಿಕೆಯ ಗೆರೆಯಲ್ಲಿ ಪದರ ಸರಿಯುತ್ತದೆ, ಬಿಚ್ಚಿ ಮತ್ತೆ ಹರಡಬೇಕಾಗುತ್ತದೆ. ಆದ್ದರಿಂದ ಒಂದು ಹೊಲಿಗೆಯಲ್ಲಿ, ಒಂದು ತುಂಡು ಜೋಡಣೆಯಲ್ಲಿ, ಇನ್ನೊಂದು ಅರಿವೆ ತೊಳೆದು ಆರಿಸುವುದರಲ್ಲಿ ಇರಲಿ.

ನಮ್ಮ ಕಡೆಯ ಹವೆಯೇ ಈ ಸರದಿಯನ್ನು ಹಾಕಿಕೊಡುತ್ತದೆ. ಫೆಬ್ರುವರಿಯಿಂದ ಮೇ ತನಕ ತೊಳೆಯುವ, ಕತ್ತರಿಸುವ ಕೆಲಸ. ಒದ್ದೆ ಸೀರೆ ಗಂಟೆಯೊಳಗೆ ಗರಿಗರಿಯಾಗುತ್ತದೆ. ಮಳೆಗಾಲದಲ್ಲಿ ತುಂಡು ಜೋಡಿಸಿ. ದೊಡ್ಡ ಕೌದಿಯ ಹೊಲಿಗೆಯನ್ನು ದೀಪಾವಳಿ ದಾಟಿದ ಮೇಲೆ ಹಿಡಿಯಿರಿ. ರಾಯಚೂರಿನಲ್ಲಿ 40 ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ನಾಲ್ಕು ಪದರದ ಅರಿವೆ ತೊಡೆಯ ಮೇಲೆ ಹರವಿಕೊಂಡು ಕೂತರೆ ಬೆವರಿಗೆ ಸೂಜಿ ಜಾರುತ್ತದೆ, ಬಿಳಿ ಅರಿವೆಗೆ ಕೈಯ ಕಲೆ ಹತ್ತುತ್ತದೆ. ಬೇಸಿಗೆಯಲ್ಲಿ ಹೊಲಿಯಲೇಬೇಕೆಂದರೆ ತೊಟ್ಟಿಲ ಕೌದಿ ಹೊಲಿಯಿರಿ, ಅದು ಮಡಿಲು ತುಂಬುವುದಿಲ್ಲ.

ಅರಿವೆಯ ಪರೀಕ್ಷೆ

ಕೌದಿ ಬೇಗ ಹರಿಯಲು ಹೊಲಿಗೆಗಿಂತ ಅರಿವೆಯ ಆಯ್ಕೆಯೇ ಹೆಚ್ಚು ಕಾರಣ. ಪ್ರತಿ ಸೀರೆಯನ್ನೂ ಬೆಳಕಿಗೆ ಹಿಡಿದು ನೋಡಿ. ನೂಲು ಸರಿದು ಜಾಳಾದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಎರಡು ಹೆಬ್ಬೆರಳಿನ ನಡುವೆ ಹಿಡಿದು ಜಗ್ಗಿ, ಮೊದಲು ಹಾಸಿನ (ಉದ್ದ ನೂಲಿನ) ಕಡೆಗೆ, ನಂತರ ಹೊಕ್ಕಿನ (ಅಡ್ಡ ನೂಲಿನ) ಕಡೆಗೆ. ಚರ್ ಎಂಬ ಸದ್ದು ಬಂದರೆ ಆ ಭಾಗ ಮೇಲ್ಪದರಕ್ಕೆ ಬೇಡ, ಒಳಪದರಕ್ಕೂ ಬೇಡ. ಒಳಗೆ ಮರೆಯಾಗಿರುತ್ತದೆಂದು ಜೀರ್ಣವಾದ ಅರಿವೆ ಹಾಕಿದರೆ ಎರಡನೆಯ ಒಗೆತಕ್ಕೆ ಅದು ಒಳಗೇ ಚೂರಾಗಿ ಗಂಟುಗಂಟಾಗುತ್ತದೆ.

ಇಳಕಲ್ ಸೀರೆಗೆ ಬೇರೆಯೇ ಎಚ್ಚರ ಬೇಕು. ಕುಷ್ಟಗಿ, ಹನುಮಸಾಗರದ ಕಡೆ ಮನೆಮನೆಯಲ್ಲಿ ಸಿಗುವ ಈ ಸೀರೆಯ ಮೈ ಹತ್ತಿಯದಾದರೂ ಸೆರಗಿನ ಹಾಸು ಸಾಮಾನ್ಯವಾಗಿ ರೇಷ್ಮೆಯದು. ಎರಡನ್ನೂ ಮಗ್ಗದಲ್ಲೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಸವೆದ ಸೀರೆ ಮೊದಲು ಬಿಟ್ಟುಕೊಳ್ಳುವುದು ಆ ಕೊಂಡಿಯ ಸಾಲಿನಲ್ಲೇ. ಸಾಲಿನ ಆಚೆ ಈಚೆ ಎರಡು ಬೆರಳು ಬಿಟ್ಟು ಕತ್ತರಿಸಿ ಸೆರಗನ್ನು ಬೇರೆ ಮಾಡಿ. ಕೆಂಪು ಸೆರಗು ಬಣ್ಣ ಬಿಡುವುದೂ ಉಂಟು, ಹತ್ತಿಯ ಜೊತೆ ಒಂದೇ ಅಳತೆಗೆ ಕುಗ್ಗುವುದೂ ಇಲ್ಲ. ಒದ್ದೆ ಬಿಳಿ ಅರಿವೆಯಿಂದ ಹತ್ತು ಸಲ ತಿಕ್ಕಿ. ಬಿಳಿ ಅರಿವೆ ಕೆಂಪಾದರೆ ನೀರು ತಿಳಿಯಾಗುವ ತನಕ ನೆನೆಸಿ ಹಿಂಡಬೇಕು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆಗೆ ಜೋತು ಬೀಳಬೇಡಿ. ಸಡಿಲ ಬಣ್ಣ ಹೊರಗೆ ಹೋಗಲೇಬೇಕು.

ಲೆಕ್ಕ

ಒಬ್ಬರು ಹೊದೆಯುವ ಕೌದಿಗೆ 1.5 ಮೀಟರ್ ಅಗಲ, 2.1 ಮೀಟರ್ ಉದ್ದ ಸಾಕು. ಐದೂವರೆ ಮೀಟರಿನ ಒಂದು ಸೀರೆಯಲ್ಲಿ 1.55 ಮೀಟರಿನ ಮೂರು ತುಂಡು ಬರುತ್ತವೆ. ಸೀರೆಯ ಪನ್ನ, ಅಂದರೆ ಅಗಲ, ಸುಮಾರು 1.15 ಮೀಟರ್ ಇರುವುದರಿಂದ ಎರಡು ತುಂಡನ್ನು ಮಗ್ಗಲು ಮಗ್ಗಲಿಗೆ ಕೂಡಿಸಿದರೆ ಒಂದು ಪದರ ಸಿದ್ಧ. ಅಂದರೆ ಎರಡು ಸೀರೆಗೆ ಮೂರು ಪದರ: ಕೆಳಗಿನ ಅಸ್ತರ ಒಂದು, ಒಳಪದರ ಎರಡು. ಮೂರರ ಕೂಡುಸಾಲೂ ಒಂದೇ ಜಾಗಕ್ಕೆ ಬರದಂತೆ ಒಳಪದರಗಳನ್ನು ಒಂದೊಂದು ಗೇಣು ಸರಿಸಿ ಹಾಸಿ, ಇಲ್ಲದಿದ್ದರೆ ನಡುವೆ ಬದು ಕಟ್ಟಿದಂತಾಗುತ್ತದೆ. ಒಳಪದರ ಸರಿಸಿದ ಕಡೆ ಗಿಡ್ಡವಾದರೆ ಉಳಿದ ತುಂಡಿನಿಂದ ತುಂಬಿ.

ಮೇಲ್ಪದರಕ್ಕೆ 17 ಸೆಂ.ಮೀ.ನ ಚೌಕ 140 ಬೇಕು. ಸುತ್ತ ಒಂದೊಂದು ಸೆಂ.ಮೀ. ಹೊಲಿಗೆಗೆ ಹೋಗಿ 15 ಉಳಿಯುತ್ತದೆ. ಅಡ್ಡ 10, ಉದ್ದ 14. ಅಚ್ಚಿಗೆ ರಟ್ಟು ಬೇಡ, ಐವತ್ತು ಸಲ ಗೆರೆ ಎಳೆಯುವಷ್ಟರಲ್ಲಿ ಅಂಚು ಸವೆಯುತ್ತದೆ. ಹಳೆ ಎಕ್ಸ್‌ರೇ ಹಾಳೆ ಕತ್ತರಿಸಿಕೊಳ್ಳಿ. ಒಂದೊಂದು ತುಂಡಿನಲ್ಲಿ 2 ಮಿ.ಮೀ. ವ್ಯತ್ಯಾಸವಾದರೂ 14 ತುಂಡಿನ ಸಾಲಿನಲ್ಲಿ 28 ಮಿ.ಮೀ. ಆಗುತ್ತದೆ, ಸಾಲು ಸಾಲಿಗೆ ಕೂಡುವುದಿಲ್ಲ. ಹಾಸು ಹೊಕ್ಕಿನ ಗೆರೆಗೇ ಕತ್ತರಿ ಹಿಡಿಯಿರಿ. ಓರೆಯಾಗಿ ಕತ್ತರಿಸಿದ ತುಂಡು ಕೈಯಲ್ಲೇ ಉದ್ದವಾಗಿ ಅಂಚು ಅಲೆಅಲೆಯಾಗುತ್ತದೆ. ಒಂದು ಸಾಲಿನ ಹೊಲಿಗೆ ಅಂಚುಗಳನ್ನು ಎಡಕ್ಕೆ, ಮುಂದಿನ ಸಾಲಿನದನ್ನು ಬಲಕ್ಕೆ ಮಡಿಸಿ ಇಸ್ತ್ರಿ ಮಾಡಿದರೆ ನಾಲ್ಕು ಚೌಕ ಸೇರುವ ಮೂಲೆ ದಪ್ಪವಾಗುವುದಿಲ್ಲ.

ದಾರದ ಲೆಕ್ಕವನ್ನು ಮೊದಲೇ ಹಾಕಿ, ಅರ್ಧದಲ್ಲಿ ಅದೇ ಬಣ್ಣ ಸಿಗದೆ ಹೋಗಬಹುದು. ಒಂದೂವರೆ ಸೆಂ.ಮೀ.ಗೆ ಒಂದು ಸಾಲೆಂದರೆ 140 ಸಾಲು, ಒಟ್ಟು 210 ಮೀಟರ್ ಹೊಲಿಗೆ. ಮೇಲೆ ಕೆಳಗೆ ಹೋಗುವ ದಾರ, ಗಂಟಿನ ತುದಿ ಸೇರಿ 250 ಮೀಟರ್. ಎರಡೆಳೆ ಹಾಕಿದರೆ 500. ದಾರ ಹತ್ತಿಯದೇ ಇರಲಿ. ಮೆತ್ತಗಾದ ಅರಿವೆಗಿಂತ ದಾರ ಗಟ್ಟಿಯಾದರೆ ಎಳೆತ ಬಿದ್ದಾಗ ಕಡಿಯುವುದು ಅರಿವೆ, ದಾರವಲ್ಲ. ಕಡಿದ ದಾರವನ್ನು ಮತ್ತೆ ಹೊಲಿಯಬಹುದು.

ಹಾಸುವುದು ಮತ್ತು ಹೊಲಿಯುವುದು

ನೆಲ ಒರೆಸಿ ಪೂರ್ತಿ ಆರಿದ ಮೇಲೆ ಅಸ್ತರವನ್ನು ಒಳಮೈ ಮೇಲಾಗಿ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಬಿಗಿ ಮಾಡಿ. ಪ್ರತಿ ಪದರವನ್ನೂ ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ. ಕಚ್ಚಾ ಹೊಲಿಗೆ ನಡುವಿನಿಂದಲೇ ಆರಂಭವಾಗಲಿ: ಮೊದಲು ಅಡ್ಡ ಒಂದು, ಉದ್ದ ಒಂದು, ಆಮೇಲೆ 15 ಸೆಂ.ಮೀ.ಗೊಂದು ಸಾಲು. ಗುಂಡುಪಿನ್ನು ಬೇಡ. ಕೌದಿ ಒಂದು ವಾರದಲ್ಲಿ ಮುಗಿಯುವುದಿಲ್ಲ, ಪಿನ್ನು ತುಕ್ಕು ಹಿಡಿದರೆ ಕಲೆ ಹೋಗುವುದಿಲ್ಲ.

ಅಂಚಿನಿಂದ ಸುತ್ತು ಹಾಕುತ್ತಾ ಒಳಗೆ ಬರುವ ಹೊಲಿಗೆ ನೋಡಲು ಬಹಳ ಚಂದ. ಆದರೆ ಪದರದಲ್ಲಿ ಉಳಿದ ಸಡಿಲವೆಲ್ಲ ಪ್ರತಿ ಸುತ್ತಿಗೂ ಒಳಕ್ಕೆ ಸರಿಯುತ್ತಾ ಕೊನೆಗೆ ನಡುವೆ ಉಬ್ಬಾಗಿ ನಿಲ್ಲುತ್ತದೆ. ಪಳಗಿದ ಕೈ ಪ್ರತಿ ಸುತ್ತಿನಲ್ಲೂ ಆ ಸಡಿಲವನ್ನು ಸ್ವಲ್ಪ ಸ್ವಲ್ಪವೇ ಹೊಲಿಗೆಯಲ್ಲಿ ತಿನ್ನಿಸುತ್ತದೆ. ಮೊದಲ ಎರಡು ಮೂರು ಕೌದಿಗೆ ನಡುವಿನ ಸಾಲಿನಿಂದ ಎರಡೂ ಕಡೆಗೆ ಹೊಲಿಯುತ್ತಾ ಹೋಗುವುದೇ ಸರಿ. ಉಬ್ಬು ಕಂಡರೆ ಒಂದು ಸಾಲು ಬಿಚ್ಚಿ ಪ್ರಯೋಜನವಿಲ್ಲ, ಹಿಂದಿನ ನಾಲ್ಕೈದು ಸಾಲನ್ನೂ ಬಿಚ್ಚಿ ಸವರಿ.

ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ. ಉದ್ದವಾದಷ್ಟೂ ತಿರುಚಿ ಗಂಟು ಬೀಳುತ್ತದೆ, ಅರಿವೆಗೆ ತಿಕ್ಕಿ ಸವೆಯುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಳ್ಳಿ. ಇಂಚಿಗೆ ಮೂರು ನಾಲ್ಕು ಹೊಲಿಗೆ ಬರಲಿ, ಸೂಜಿಗೆ ಐದಾರು ಹೊಲಿಗೆ ಏರಿಸಿ ಒಮ್ಮೆಗೆ ಎಳೆಯಿರಿ. ಎಳೆದ ಮೇಲೆ ಸಾಲನ್ನು ಹೆಬ್ಬೆರಳಿನಿಂದ ನೀವಿ. ಅರಿವೆ ಸುಕ್ಕಾಗಿಯೇ ಉಳಿದರೆ ದಾರ ಬಿಗಿಯಾಗಿದೆ ಎಂದರ್ಥ, ಹೀಗೆ ಮುಂದುವರಿದರೆ ಇಡೀ ಕೌದಿ ಒಂದು ಗೇಣು ಗಿಡ್ಡವಾಗಬಹುದು. ನಡುಬೆರಳಿಗೆ ಅಂಗುಸ್ತಾನ (ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೊಪ್ಪಿಗೆ) ಬೇಕೇ ಬೇಕು. ಗಂಟೆಗೆ 6 ಮೀಟರ್ ಹಿಡಿದರೂ 210 ಮೀಟರಿಗೆ 35 ಗಂಟೆ. ಇಬ್ಬರು ಎದುರು ಬದುರು ಕೂತರೆ ಅರ್ಧ. ಆದರೆ ಇಬ್ಬರ ಹೊಲಿಗೆಯ ಬಿಗಿ ಒಂದೇ ಇರುವುದಿಲ್ಲ, ಆದ್ದರಿಂದ ಗಂಟೆಗೊಮ್ಮೆ ಜಾಗ ಬದಲಿಸಿ.

ತೊಟ್ಟಿಲ ಕೌದಿ, ಜೀನ್ಸ್ ಕೌದಿ

ತೊಟ್ಟಿಲ ಕೌದಿಗೆ 75 ಸೆಂ.ಮೀ. ಅಗಲ, 90 ಉದ್ದ. ಮೇಲಿನದು ಕೆಳಗಿನದು ಸೇರಿ ಮೂರೇ ಪದರ. ದಿನಕ್ಕೆ ಎರಡು ಮೂರು ಸಲ ಒಗೆದು ಆರಿಸಬೇಕಾದ ವಸ್ತು ಅದು. ಹಳೆ ಧೋತರಕ್ಕೆ ಸಮನಾದದ್ದು ಇದಕ್ಕೆ ಇನ್ನೊಂದಿಲ್ಲ. ಎರಡು ಸೆಂ.ಮೀ.ಗೊಂದು ಸಾಲು, ಒಟ್ಟು 34 ಮೀಟರ್ ಹೊಲಿಗೆ. ಗಂಟನ್ನು ಪದರದ ಒಳಗೆ ಎಳೆದು ಮುಚ್ಚಿ. ಟಿಕಳಿ, ಕನ್ನಡಿ, ಜರಿ ಇರುವ ತುಂಡು ಎಷ್ಟೇ ಚಂದವಿದ್ದರೂ ಬೇಡ.

ಜೀನ್ಸ್ ಹೊದೆಯುವುದಕ್ಕಿಂತ ಹಾಸುವುದಕ್ಕೆ ಒಳ್ಳೆಯದು. ಚೀಲದ ಚಿಂದಿಯಿಂದ ಹಿಗ್ಗುವ ತುಂಡನ್ನು ಮೊದಲು ಬೇರೆ ಮಾಡಿ, ಎಳೆದು ಬಿಟ್ಟರೆ ಗೊತ್ತಾಗುತ್ತದೆ. ಅದು ಹಿಗ್ಗದ ತುಂಡಿನ ಪಕ್ಕ ಕೂತರೆ ಸುಕ್ಕಾಗುತ್ತದೆ. ಎರಡು ಸಾಲು ಹೊಲಿಗೆಯ ದಪ್ಪ ಅಂಚನ್ನು ಕತ್ತರಿಸಿ ಹಾಕಿ. 22 ಸೆಂ.ಮೀ. ಚೌಕ 80 ಆದರೆ ಜೋಡಿಸಿದ ಮೇಲೆ 1.6 ಮೀಟರಿಗೆ 2 ಮೀಟರ್ ಬರುತ್ತದೆ. ಇಲ್ಲಿ ಹೊಲಿಗೆ ಅಂಚನ್ನು ಒಂದೇ ಕಡೆ ಮಡಿಸದೆ ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ, ಇಲ್ಲವಾದರೆ ಮಷಿನ್ ಸೂಜಿ ಮೂಲೆಯಲ್ಲಿ ಮುರಿಯುತ್ತದೆ. ಸೂಜಿ 16 ಅಥವಾ 18ನೇ ನಂಬರ್. ಒಳಪದರ ಬೇಡ, ಅಸ್ತರ ಒಂದೇ ಸಾಕು. ಅಷ್ಟಕ್ಕೇ ತೂಕ ಒಂದೂವರೆಯಿಂದ ಎರಡು ಕಿಲೋ ಆಗುತ್ತದೆ. ಸಾಲು ಹೊಲಿಗೆಗೆ ಬೆರಳು ನೋಯಿಸಿಕೊಳ್ಳುವ ಬದಲು ಪ್ರತಿ ಚೌಕದ ಮೂಲೆಗೆ, ನಡುವಿಗೆ ಜೋಡು ದಾರ ಎರಡು ಸಲ ಹಾಯಿಸಿ ಗಂಟು ಕಟ್ಟಿ, ತುದಿ ಒಂದು ಸೆಂ.ಮೀ. ಬಿಡಿ. ನೀಲಿ ಬಣ್ಣ ಬಹಳ ದಿನ ತಿಕ್ಕಾಟಕ್ಕೆ ಬಿಡುತ್ತಲೇ ಇರುತ್ತದೆ, ಅಸ್ತರಕ್ಕೆ ಗಾಢ ಬಣ್ಣದ್ದೇ ಆರಿಸಿ.

ಅಂಚು, ಕಾಪಿಡುವುದು

ಅಂಚಿಗೆ ಸೀರೆಯ ದಡಿಯಷ್ಟು ಒಳ್ಳೆಯದು ಬೇರೆ ಇಲ್ಲ. ಒತ್ತಾದ ನೇಯ್ಗೆಯಾದ್ದರಿಂದ ಹಿಗ್ಗುವುದಿಲ್ಲ. 1.5 × 2.1 ಕೌದಿಯ ಸುತ್ತಳತೆ 7.2 ಮೀಟರ್, ಮೂಲೆ ಮಡಿಕೆಗೆಂದು 30 ಸೆಂ.ಮೀ. ಸೇರಿಸಿ. ಒಂದು ಸೀರೆಯ ಎರಡು ದಡಿ ಸೇರಿ 11 ಮೀಟರ್ ಬರುತ್ತದೆ, ಇದಕ್ಕೆ ಮೂರನೆಯದೊಂದು ಸೀರೆಯನ್ನು ಮೊದಲೇ ತೆಗೆದಿಡಿ.

ಪ್ರತಿ ಕೌದಿಗೂ ಒಂದೊಂದು ಚೀಲ ಇರಲಿ. ಅದರೊಳಗೆ ಆ ಕೌದಿಯ ದಾರ, ಅಚ್ಚು, ಒಂದು ಚೀಟಿ. ಚೀಟಿಯಲ್ಲಿ ಸಾಲಿನ ಅಂತರ, ಒಟ್ಟು ಸಾಲು, ಮುಗಿದ ಸಾಲು ಬರೆಯಿರಿ. ತಿಂಗಳ ನಂತರ ಕೈಗೆತ್ತಿಕೊಂಡಾಗ ಕಣ್ಣಳತೆ ಬದಲಾಗಿರುತ್ತದೆ, ಚೀಟಿ ಇಲ್ಲದಿದ್ದರೆ ಒಂದೂವರೆಯ ಸಾಲು ಎರಡಾಗುತ್ತದೆ. ಅರ್ಧ ಹೊಲಿದದ್ದನ್ನು ಮಡಿಸದೆ ಚಾಪೆಯಂತೆ ಸುತ್ತಿಡಿ. ಬೇವಿನ ಎಲೆ ಹಾಕುವುದಾದರೆ ಪೂರ್ತಿ ಒಣಗಿದ್ದು, ಬೇರೆ ಅರಿವೆಯಲ್ಲಿ ಕಟ್ಟಿದ್ದು ಇರಲಿ. ಹಸಿ ಎಲೆ ಕಲೆ ಮಾಡುತ್ತದೆ. ಸಂಡೂರಿನಂತೆ ಅದಿರಿನ ಕೆಂಪು ಧೂಳು ಹಾರುವ ಕಡೆ ಬಿಳಿ ಅರಿವೆಯನ್ನು ಒಳಗೇ ಆರಿಸಿ.

ಮುಗಿದ ಕೌದಿಯನ್ನು ಒಗೆದ ಮೇಲೆ ಒಂದೇ ಹಗ್ಗಕ್ಕೆ ನೇತು ಹಾಕಬೇಡಿ, ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ಎರಡು ಹಗ್ಗದ ಮೇಲೆ ಹರವಿ. ಚೀಲದಲ್ಲಿ ಆ ಕೌದಿಯದೇ ಆರೆಂಟು ಚೌಕ ಉಳಿಸಿಕೊಳ್ಳಿ. ಮುಂದೆ ಒಂದು ತುಂಡು ಹರಿದರೆ ಅದನ್ನು ಕೀಳದೆ, ಉಳಿಸಿದ ಚೌಕದ ಅಂಚನ್ನು ಒಳಕ್ಕೆ ಮಡಿಸಿ ಅದರ ಮೇಲೆ ತೇಪೆ ಇಟ್ಟು, ಕೆಳಗಿನ ಹಳೆ ಸಾಲಿನ ಮೇಲೆಯೇ ಮತ್ತೆ ಹೊಲಿಯಿರಿ.