ಚೌಕದ ಮಾತು: ನಾನು ಕಲಿತದ್ದು, ಈಗ ಕಲಿಸುವುದು

ಜೈನ ತ್ಯಾಗಿಗಳು ಮಳೆಗಾಲದಲ್ಲಿ ಒಂದೇ ಊರಲ್ಲಿ ನಿಲ್ಲುವ ಚಾತುರ್ಮಾಸ ಹತ್ತಿರ ಬಂತು ಅಂದರೆ ನಮ್ಮ ಓಣಿಯ ಹೊಸ ಸೊಸೆಯಂದಿರು, ಪುಣೆ ಬೆಂಗಳೂರಿನಿಂದ ರಜೆಗೆ ಬಂದ ಹುಡುಗಿಯರು ನನ್ನ ಹತ್ತಿರ ಬಂದು ಕೇಳುವುದು ಒಂದೇ ವಿಷಯ. ಮಹಾರಾಜರಿಗೆ ಆಹಾರ ಕೊಡಬೇಕು ಅಂತ ಆಸೆ ಇದೆ ಅಕ್ಕಾ, ಆದರೆ ಚೌಕದಲ್ಲಿ ಏನು ಮಾತಾಡಬೇಕೋ ಗೊತ್ತಾಗಲ್ಲ. ಮಹಾರಾಜರು ಅಂದರೆ ನಮ್ಮ ದಿಗಂಬರ ಮುನಿಗಳು, ಚೌಕ ಅಂದರೆ ಅವರಿಗೆ ಶುದ್ಧವಾಗಿ ಅಡುಗೆ ಮಾಡಿ ಆಹಾರ ಕೊಡುವ ಜಾಗ. ಅಡುಗೆ ಬರುತ್ತದೆ, ಭಕ್ತಿಯೂ ಇದೆ, ಹೆದರಿಕೆ ಮಾತಿನದ್ದು. ನಾನೂ ಬೆಂಗಳೂರಿನಲ್ಲಿ ಬೆಳೆದು, ಮದುವೆಯಾಗಿ ಬೆಳಗಾವಿ ಜಿಲ್ಲೆಗೆ ಬಂದವಳು. ಹಾಗಾಗಿ ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು.

ನನಗೆ ಇದನ್ನು ಯಾರೂ ಕೂರಿಸಿಕೊಂಡು ಪಾಠ ಮಾಡಲಿಲ್ಲ. ಅತ್ತೆಯ ಪಕ್ಕದಲ್ಲಿ ನಿಂತು ನಿಂತು ಕಿವಿಗೆ ಬಿತ್ತು ಅಷ್ಟೆ. ಮೊದಲು ಹಿಡಿದುಕೊಂಡದ್ದು ನಮಸ್ಕಾರ. ನಮ್ಮ ನಮ್ಮಲ್ಲಿ ಜೈ ಜಿನೇಂದ್ರ. ಮುನಿಗಳಿಗೆ ನಮೋಸ್ತು, ಸಾಧ್ವಿಯರಾದ ಆರ್ಯಿಕಾ ಮಾತಾಜಿಯವರಿಗೆ ವಂದಾಮಿ, ಮುನಿಗಿಂತ ಕೆಳಗಿನ ಹಂತದ ಕ್ಷುಲ್ಲಕರಿಗೆ ಇಚ್ಛಾಮಿ. ಇವರೆಲ್ಲರನ್ನೂ ಒಟ್ಟಾಗಿ ಹೇಳುವಾಗ ನಮ್ಮ ಕಡೆ ತ್ಯಾಗಿಗಳು ಅಂತೀವಿ. ಅವರು ಊರು ಬಿಟ್ಟು ಮುಂದಕ್ಕೆ ನಡೆದರೆ 'ವಿಹಾರ ಆಯ್ತು', ದೇಹ ಬಿಟ್ಟರೆ 'ಸಮಾಧಿ ಆಯ್ತು'. ಇಷ್ಟು ಬಾಯಿಗೆ ಬಂದರೆ ಅರ್ಧ ಅಳುಕು ಹೋಗುತ್ತದೆ.

ಅಡುಗೆಮನೆಯ ಮಾತು ಬೇರೆ. ಅಲ್ಲಿ ಎಲ್ಲರ ಬಾಯಲ್ಲೂ ಇರುವ ಪದ ಮರ್ಯಾದೆ. "ಹಿಟ್ಟಿನ ಮರ್ಯಾದಿ ನೋಡಿಯೇನವಾ?" ಅಂತ ಅತ್ತೆ ಕೇಳಿದರೆ ಆ ಹಿಟ್ಟು ಬೀಸಿ ಎಷ್ಟು ದಿನ ಆಯ್ತು ಅಂತ ಅರ್ಥ. ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಆಮೇಲೆ ಅದರಲ್ಲಿ ಜೀವ ಹುಟ್ಟಿರುತ್ತದೆ, ಚೌಕಕ್ಕೆ ನಡೆಯಲ್ಲ. ನೀರಿಗೂ ಮರ್ಯಾದೆ ಇದೆ. ಬಟ್ಟೆಯಲ್ಲಿ ಸೋಸಿದ್ದಕ್ಕೆ 48 ನಿಮಿಷ, ಚೆನ್ನಾಗಿ ಕುದಿಸಿದ್ದಕ್ಕೆ 24 ಗಂಟೆ. ಚಾತುರ್ಮಾಸ ಬರುವುದೇ ಮಳೆಗಾಲದಲ್ಲಿ, ಆದ್ದರಿಂದ ಹಿಟ್ಟಿನ ಡಬ್ಬಿಯ ಮೇಲೆ ಬೀಸಿದ ದಿನ ಬರೆದು ಚೀಟಿ ಅಂಟಿಸುವುದು ನನ್ನ ರೂಢಿ. ಇನ್ನೊಂದು ಪದ ಶೋಧನೆ. ಕಾಳು, ಸೊಪ್ಪು, ಹಣ್ಣು ಎಲ್ಲವನ್ನೂ ಬೆಳಕಿನಲ್ಲಿ ಹಿಡಿದು ಒಂದೊಂದಾಗಿ ನೋಡಬೇಕು. 'ಶೋಧನೆ ಆಗಿದೆ' ಅಂತ ಯಾರಾದರೂ ಹೇಳಿದರೆ ಅದು ಅವರು ಕೊಟ್ಟ ಮಾತು, ನಾನು ನನ್ನ ಕಣ್ಣಿಂದ ನೋಡಿದ್ದೇನೆ ಅನ್ನುವ ಹೊಣೆ. ನೋಡದೆ ಆ ಮಾತು ಹೇಳಬಾರದು ಅಂತ ಹುಡುಗಿಯರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ.

ಬೆಳಿಗ್ಗೆ ಮಹಾರಾಜರು ಬಲಗೈ ಬೆರಳು ಕೂಡಿಸಿ ಹೆಗಲ ಮೇಲಿಟ್ಟುಕೊಂಡು ಹೊರಟರೆ ಆಹಾರಕ್ಕೆ ಹೊರಟಿದ್ದಾರೆ ಅಂತ. ಮನಸ್ಸಿನಲ್ಲೇ ಒಂದು ವಿಧಿ ಇಟ್ಟುಕೊಂಡಿರುತ್ತಾರೆ, ಕೈಯಲ್ಲಿ ಕಲಶ ಹಿಡಿದವರು ಕಂಡರೆ ಮಾತ್ರ ನಿಲ್ಲುತ್ತೇನೆ, ಈ ಥರ. ಯಾರಿಗೂ ಹೇಳಲ್ಲ. ವಿಧಿ ಸಿಗದಿದ್ದರೆ ಆ ದಿನ ಉಪವಾಸ. ನಾವು ಬಾಗಿಲಲ್ಲಿ ನಿಂತು ಪಡಗಾಹನ ಮಾಡುತ್ತೇವೆ, ಅಂದರೆ ಇಲ್ಲಿ ನಿಲ್ಲಿ ಸ್ವಾಮಿ ಅಂತ ಕರೆಯುತ್ತೇವೆ. "ಹೇ ಸ್ವಾಮಿ ನಮೋಸ್ತು, ನಮೋಸ್ತು, ನಮೋಸ್ತು, ಅತ್ರ ಅತ್ರ, ತಿಷ್ಠ ತಿಷ್ಠ." ಓಣಿಯ ಎರಡೂ ಕಡೆಯಿಂದ ಇದೇ ಕೂಗು ಏಳುವಾಗ ಹೊಸಬರ ಗಂಟಲು ಕಟ್ಟುತ್ತದೆ. ಅದಕ್ಕೇ ಹಿಂದಿನ ದಿನ ಸಂಜೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ನಮ್ಮ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಗಟ್ಟಿಯಾಗಿ ಹೇಳಿಸುತ್ತೇನೆ. ನಾಚಿಕೆ ಅಲ್ಲೇ ಬಿಟ್ಟುಹೋಗಬೇಕು.

ಮಹಾರಾಜರು ನಿಂತರೆ ಮೂರು ಪ್ರದಕ್ಷಿಣೆ, ಆಮೇಲೆ ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧವಿದೆ ಅಂತ ಹೇಳಿ ಒಳಗೆ ಕರೆಯಬೇಕು. ಸಂಘ, ಅಂದರೆ ಒಟ್ಟಿಗೆ ವಿಹಾರ ಮಾಡುವ ತ್ಯಾಗಿಗಳ ಗುಂಪು, ಉತ್ತರದ ಕಡೆಯಿಂದ ಬಂದಿದ್ದರೆ ಎಲ್ಲರೂ ಇದನ್ನು ಹಿಂದಿಯಲ್ಲೇ ಹೇಳಲು ಒದ್ದಾಡುತ್ತಾರೆ. ನಾನು ಮಾತ್ರ ಕನ್ನಡದಲ್ಲಿ "ಭೋಜನಶಾಲೆಗೆ ದಯಮಾಡಿಸಿ" ಅಂತಲೇ ಹೇಳಿಕೊಡುತ್ತೇನೆ. ಆಚಾರ್ಯ ಶಾಂತಿಸಾಗರರು, ಶೇಡಬಾಳದ ವಿದ್ಯಾನಂದರು, ಸದಲಗಾದ ವಿದ್ಯಾಸಾಗರರು, ಈ ಮೂವರು ದೊಡ್ಡ ಮುನಿಗಳೂ ಇದೇ ಜಿಲ್ಲೆಯವರು. ಕನ್ನಡದಲ್ಲಿ ಕರೆದರೆ ಕಡಿಮೆ ಆಗುವುದೇನೂ ಇಲ್ಲ. ಅರ್ಥ ಗೊತ್ತಿಲ್ಲದೆ ಉರು ಹೊಡೆದ ಹಿಂದಿಗಿಂತ ತಿಳಿದು ಹೇಳಿದ ಕನ್ನಡ ಮೇಲು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಪಾದ ತೊಳೆದು ಪೂಜೆ ಆದಮೇಲೆ "ಮುದ್ರೆ ಬಿಟ್ಟು ಅಂಜಲಿ ಕಟ್ಟಿ ಆಹಾರ ಗ್ರಹಣ ಮಾಡಬೇಕು ಮಹಾರಾಜರೇ" ಅಂತ ಬಿನ್ನವಿಸುತ್ತೇವೆ. ಮುದ್ರೆ ಅಂದರೆ ಹೆಗಲ ಮೇಲಿಟ್ಟ ಆ ಕೈ. ಅಲ್ಲಿಂದ ಅವರದು ಮೌನ. ನಿಂತೇ, ಎರಡು ಅಂಗೈ ಕೂಡಿಸಿದ ಬೊಗಸೆಯಲ್ಲೇ ಎಲ್ಲ. ಮೊದಲು ನೀರು. ಲೋಟದ ಅಂಚು ಬೊಗಸೆಗೆ ತಾಗದ ಹಾಗೆ, ಸಣ್ಣ ಧಾರೆಯಾಗಿ, ಹೆಬ್ಬೆರಳಿನ ಬುಡದ ಕಡೆ ಬಿಡಬೇಕು. ಜೋರಾಗಿ ಬಿಟ್ಟರೆ ಮೊಣಕೈಗೆ ಇಳಿಯುತ್ತದೆ. ಆಮೇಲೆ ತುತ್ತು. ಅವರು ಹೆಬ್ಬೆರಳಿನಿಂದ ತುತ್ತನ್ನು ಒತ್ತಿ, ಹರಡಿ ನೋಡುತ್ತಾರೆ. ಆಗ ಚೌಕದಲ್ಲಿ ಯಾರೂ ಉಸಿರೆತ್ತಲ್ಲ. ಒಂದು ಕೂದಲು, ಒಂದು ಸತ್ತ ಇರುವೆ ಕಂಡರೂ ಅಂತರಾಯ, ಅಂದರೆ ಆಹಾರಕ್ಕೆ ಅಡ್ಡಿ. ಬೊಗಸೆ ಬಿಚ್ಚಿಬಿಡುತ್ತಾರೆ, ಮಾರನೇ ದಿನದವರೆಗೆ ಒಂದು ಹನಿ ನೀರೂ ಇಲ್ಲ.

ಅದಕ್ಕೇ ನಮ್ಮಲ್ಲಿ ಮಧ್ಯಾಹ್ನ ಯಾರೇ ಎದುರಾದರೂ "ನಿರಂತರಾಯ ಆಯ್ತಾ?" ಅಂತ ಕೇಳುತ್ತಾರೆ. ಆಯ್ತು ಅನ್ನುವಾಗ ಹೆಣ್ಣುಮಕ್ಕಳ ಮುಖ ನೋಡಬೇಕು! ಬೆಳಗಿನ ಜಾವದಿಂದ ಹಸಿದು ದುಡಿದವರು, ಆ ಒಂದು ಮಾತಿಗೆ ದಣಿವೆಲ್ಲ ಇಳಿದಿರುತ್ತದೆ.

ಹಿರಿಯರಿಗೆ ಒಂದು ಮಾತು ಹೇಳಲೇಬೇಕು. ಹೊಸ ಹುಡುಗಿ "ಮಹಾರಾಜರ ಊಟ ಆಯ್ತಾ?" ಅಂದಳು, ಆಹಾರ ಅನ್ನಲಿಲ್ಲ ಅಂತ ಎಲ್ಲರ ಮುಂದೆ ಗದರುವವರನ್ನು ನೋಡಿದ್ದೇನೆ. ಆ ಮಗು ಇನ್ನೊಮ್ಮೆ ಚೌಕದ ಕಡೆ ಬರಲ್ಲ. ಕಾಳಜಿಯಿಂದ ಕೇಳಿದ್ದಾಳೆ, ಅದನ್ನು ನೋಡಿ. "ಹೂಂ ತಾಯಿ, ಆಹಾರ ಆಯ್ತು" ಅಂತ ಉತ್ತರ ಕೊಟ್ಟರೆ ಸಾಕು, ಅವಳೇ ತಿದ್ದಿಕೊಳ್ಳುತ್ತಾಳೆ.

ಇನ್ನು ಕೊಡುವವರು ಮರೆಯದೆ ಮಾಡಬೇಕಾದ್ದು, ಸಂಘದ ಜೊತೆ ಬರುವ ಬ್ರಹ್ಮಚಾರಿ ಭೈಯಾ ಅಥವಾ ಬ್ರಹ್ಮಚಾರಿಣಿ ದೀದಿಯವರ ಹತ್ತಿರ ಮುಂಚೆಯೇ ಹೋಗಿ ಯಾವ ರಸ ತ್ಯಾಗ ಇದೆ ಅಂತ ಕೇಳುವುದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು, ಈ ಆರರಲ್ಲಿ ಕೆಲವರು ಒಂದು ಬಿಟ್ಟಿರುತ್ತಾರೆ, ಕೆಲವರು ಜಾಸ್ತಿ. ವಿದ್ಯಾಸಾಗರರು ಉಪ್ಪು, ಸಕ್ಕರೆ ಎರಡನ್ನೂ ಬಿಟ್ಟಿದ್ದರು. ಮತ್ತೆ ನಿಮ್ಮನ್ನೂ ಕೇಳುತ್ತಾರೆ, ಏನು ನಿಯಮ ತಗೊಂಡಿದ್ದೀರಿ ಅಂತ. ರಾತ್ರಿ ಊಟ ಬಿಡುವುದೋ, ಗೆಡ್ಡೆ ಗೆಣಸು ಬಿಡುವುದೋ, ನಿಮ್ಮಿಂದ ಆಗುವಷ್ಟನ್ನೇ ಹೇಳಿ. ಆಮೇಲೆ ಬಂದು ಹಿಟ್ಟಿಗೆ ಕೈ ಹಾಕಿ.