ಕೆಮ್ಮಿದರೆ ಮೂತ್ರ ಸೋರುವವರಿಗೆ ಪೆಲ್ವಿಕ್ ಫ್ಲೋರ್ ವ್ಯಾಯಾಮ: ಕಲಬುರಗಿಯಲ್ಲಿ ನನ್ನ ಅನುಭವ

ಕೆಮ್ಮಿದಾಗ, ಸೀನಿದಾಗ, ನೀರಿನ ಕೊಡ ಎತ್ತಿದಾಗ ಮೂತ್ರ ಹನಿಯುವ ತೊಂದರೆ ಪೆಲ್ವಿಕ್ ಫ್ಲೋರ್‌ನ, ಅಂದರೆ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಆಧರಿಸುವ ಸ್ನಾಯುಗಳ, ವ್ಯಾಯಾಮದಿಂದ ಹತೋಟಿಗೆ ಬರುತ್ತದೆ ಎಂದು ನಾನು ಕಲಬುರಗಿಯಲ್ಲಿ ಹೇಳತೊಡಗಿದಾಗ ನಂಬಿದವರು ಬಹಳ ಕಡಿಮೆ. ಮೊಣಕಾಲಿನ ವ್ಯಾಯಾಮವನ್ನೇ ಎರಡು ವಾರಕ್ಕೆ ಬಿಡುವ ಹೆಣ್ಣುಮಕ್ಕಳು ಕಣ್ಣಿಗೆ ಕಾಣದ ಸ್ನಾಯುವಿಗಾಗಿ ಮೂರು ತಿಂಗಳು ದುಡಿಯುತ್ತಾರೆಯೇ ಎಂದು ಹಿರಿಯ ಸ್ತ್ರೀರೋಗ ತಜ್ಞೆಯೊಬ್ಬರು ಕೇಳಿದ್ದರು. ಇದರಿಂದ ಕೋಣೆಯ ಬಾಡಿಗೆಯೂ ಹುಟ್ಟುವುದಿಲ್ಲ ಎಂದು ಜೊತೆಗೆ ಓದಿದ ಫಿಸಿಯೋಥೆರಪಿಸ್ಟ್‌ಗಳು ಎಚ್ಚರಿಸಿದ್ದರು. ಈಗ ಅದೇ ತಜ್ಞೆ ತಿಂಗಳಿಗೆ ನಾಲ್ಕೈದು ಜನರನ್ನು ನನ್ನ ಬಳಿ ಕಳುಹಿಸುತ್ತಾರೆ. ಇದುವರೆಗೆ ನೂರೈವತ್ತರಷ್ಟು ಮಹಿಳೆಯರು ಮೂರು ತಿಂಗಳ ಅವಧಿಯನ್ನು ಪೂರೈಸಿದ್ದಾರೆ. ಅವರಲ್ಲಿ ಮೂವರಿಗೆ ಇಬ್ಬರಂತೆ, ಹೊರಗೆ ಹೋಗುವಾಗ ಬಟ್ಟೆ ಇಟ್ಟುಕೊಳ್ಳುವುದನ್ನು ಬಿಟ್ಟಿದ್ದಾರೆ ಎಂಬುದು ನನ್ನ ನೆನಪಿನ ಲೆಕ್ಕ. ಈ ಕೆಲಸ ನಮ್ಮ ಭಾಗದಲ್ಲಿ ಹೇಗೆ ಕೈಗೂಡಿತು ಎಂಬುದನ್ನು ಸಹೋದ್ಯೋಗಿಗಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ಸೋತದ್ದು ಚೀಟಿ. ಚಿತ್ರ ಹಾಕಿ, ಕನ್ನಡದಲ್ಲಿ ಸೂಚನೆ ಅಚ್ಚು ಮಾಡಿಸಿ, ಬಾಯಲ್ಲೂ ವಿವರಿಸಿ ಮನೆಗೆ ಕಳುಹಿಸಿದ ಗುಂಪಿನಲ್ಲಿ ಬಹುತೇಕರಿಗೆ ಏನೂ ಪ್ರಯೋಜನವಾಗಲಿಲ್ಲ. ಬಾಯಿಮಾತಿನ ಸೂಚನೆ ಕೇಳಿದವರಲ್ಲಿ ಸರಿಯಾಗಿ ಬಿಗಿಹಿಡಿದವರು ಸುಮಾರು ಅರ್ಧದಷ್ಟು ಮಾತ್ರ, ಕಾಲುಭಾಗದವರು ಸೋರಿಕೆ ಹೆಚ್ಚಿಸಬಲ್ಲ ರೀತಿಯಲ್ಲಿ ಮಾಡುತ್ತಿದ್ದರು ಎಂದು 1991ರಲ್ಲೇ ಸಂಶೋಧಕರಾದ ಬಂಪ್ ಮತ್ತು ಸಂಗಡಿಗರು ತೋರಿಸಿದ್ದಾರೆ. ನನ್ನ ಪರೀಕ್ಷೆಯಲ್ಲೂ ಅದೇ ಕಂಡಿತು: ಉಸಿರು ಕಟ್ಟಿ, ಹೊಟ್ಟೆ ಉಬ್ಬಿಸಿ, ಹೆರಿಗೆಯಲ್ಲಿ ಮುಕ್ಕಿದಂತೆ ಕೆಳಕ್ಕೆ ಒತ್ತುವವರೇ ಹೆಚ್ಚು. ಆದ್ದರಿಂದ ಸಂಕೋಚನ ಮೇಲಕ್ಕೆ ಮತ್ತು ಒಳಕ್ಕೆ ಆಗುತ್ತಿದೆ ಎಂದು ನನ್ನ ಬೆರಳಿಗೆ ಖಚಿತವಾಗುವವರೆಗೆ ಯಾರಿಗೂ ಮನೆಯ ಅಭ್ಯಾಸ ಕೊಡುವುದಿಲ್ಲ. ಒಳಪರೀಕ್ಷೆಗೆ ಒಪ್ಪದವರನ್ನು ಒತ್ತಾಯಿಸುವುದೂ ಇಲ್ಲ. ಅಂಥವರಿಗಾಗಿ ಪರಿಚಿತ ರೇಡಿಯಾಲಜಿಸ್ಟ್ ಒಬ್ಬರ ಬಳಿ ಶನಿವಾರ ಸಂಜೆ ಅರ್ಧ ಗಂಟೆ ಯಂತ್ರ ಬೇಡಿಕೊಂಡು, ಹೊಟ್ಟೆಯ ಮೇಲಿನಿಂದ ಅಲ್ಟ್ರಾಸೌಂಡ್ ಮಾಡಿಸಿ, ಮೂತ್ರಕೋಶದ ತಳ ಏಳುವುದನ್ನು ಅವರಿಗೇ ಪರದೆಯ ಮೇಲೆ ತೋರಿಸಿದೆ. ತಮ್ಮ ಸ್ನಾಯು ಚಲಿಸುವುದನ್ನು ಕಣ್ಣಾರೆ ಕಂಡವರು ಒಂದೇ ಭೇಟಿಯಲ್ಲಿ ಕಲಿತರು. ಆ ವ್ಯವಸ್ಥೆ ಕೆಲವು ತಿಂಗಳ ನಂತರ ನಿಂತುಹೋಯಿತು. ಇಂದಿಗೂ ಅದರ ಕೊರತೆ ನನ್ನನ್ನು ಕಾಡುತ್ತದೆ.

ಹಣದ ವಿಷಯವನ್ನು ಮುಚ್ಚಿಡಬಾರದು. ಸಣ್ಣ ವಿದ್ಯುತ್ ಹರಿಸಿ ಸ್ನಾಯುವನ್ನು ಬಿಗಿಗೊಳಿಸುವ ವಿದ್ಯುತ್ ಪ್ರಚೋದನೆಯ ಯಂತ್ರಕ್ಕೆ ಮೂವತ್ತೈದು ಸಾವಿರದ ಸುಮಾರಿಗೆ ಸುರಿದೆ. ಯೋನಿಯೊಳಗೆ ಇಡುವ ಪ್ರೋಬ್ ಒಬ್ಬೊಬ್ಬರಿಗೂ ಪ್ರತ್ಯೇಕ ಬೇಕು, ಅದಕ್ಕೆ ಎರಡು ಸಾವಿರದ ಹತ್ತಿರ ಎಂದಾಗ ಬಂದವರು ಮುಖ ನೋಡಿ ಎದ್ದು ಹೋದರು. ಇನ್ನೊಂದು ಪೆಟ್ಟು ಬಿದ್ದದ್ದು ಶುಲ್ಕದ ಪದ್ಧತಿಯಿಂದ. ಭೇಟಿಗೆ 250 ರೂಪಾಯಿಯಂತೆ ಪಡೆಯುತ್ತಿದ್ದಾಗ ಆಳಂದ, ಜೇವರ್ಗಿ ಕಡೆಯವರು ಮೂರನೆಯ ಭೇಟಿಗೇ ನಿಂತುಬಿಡುತ್ತಿದ್ದರು, ಏಕೆಂದರೆ ಶುಲ್ಕದ ಜೊತೆಗೆ ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಎರಡೂ ಹೋಗುತ್ತಿದ್ದವು. ಮೊದಲ ವರ್ಷ ಕೈಯಿಂದ ಹೋದದ್ದು ಅರವತ್ತು ಸಾವಿರಕ್ಕೆ ಕಡಿಮೆಯಿಲ್ಲ. ನಂತರ ಹನ್ನೆರಡು ವಾರಕ್ಕೆ ಒಟ್ಟು 2,400 ರೂಪಾಯಿ ಎಂದು ನಿಗದಿ ಮಾಡಿ, ಎರಡು ಕಂತಿನಲ್ಲಿ ಪಡೆದು, ಮೊದಲ ಎರಡು ಭೇಟಿಗಳನ್ನು ಒಬ್ಬೊಬ್ಬರಿಗೇ ಮೀಸಲಿಟ್ಟು, ಉಳಿದ ವಾರಗಳಲ್ಲಿ ಆರು ಮಂದಿಯ ಗುಂಪು ನಡೆಸಿದೆ. ಏಕಕಾಲಕ್ಕೆ ಎರಡು ಮೂರು ಗುಂಪುಗಳು ನಡೆದರೆ ಬಾಡಿಗೆ, ಆಯಾಳ ಸಂಬಳ ಕಳೆದೂ ಸ್ವಲ್ಪ ಉಳಿಯುತ್ತದೆ. ಗುಂಪಿನಲ್ಲಿ ಮತ್ತೊಂದು ಲಾಭವೂ ಇದೆ. "ಮೇಡಂ, ಕೆಮ್ಮಿದ್ರ ಸೀರಿ ಒದ್ದಿ ಆಗ್ತದ್ರಿ" ಎಂದು ಒಬ್ಬಾಕೆ ಬಾಯಿ ಬಿಟ್ಟರೆ ಉಳಿದ ಐವರ ನಾಚಿಕೆಯೂ ಕರಗುತ್ತದೆ.

ನನ್ನ ಕ್ರಮ ಇತರರಿಗಿಂತ ಬೇರೆಯಾಗಿರುವುದು ಆರಂಭದಲ್ಲಿ. ಸಾಮಾನ್ಯವಾಗಿ ಬಲ ಹೆಚ್ಚಿಸಿದ ಮೇಲೆ ದೈನಂದಿನ ಕೆಲಸಕ್ಕೆ ಜೋಡಿಸುತ್ತಾರೆ. ನಾನು ಮೊದಲ ವಾರವೇ ಕೆಮ್ಮುವ ಕ್ಷಣಕ್ಕೆ ಮುಂಚೆ ಬಿಗಿಹಿಡಿದು, ಕೆಮ್ಮು ಮುಗಿಯುವವರೆಗೆ ಬಿಡದಿರುವುದನ್ನು ಕಲಿಸುತ್ತೇನೆ. ಒಂದು ವಾರ ಇದನ್ನು ಅಭ್ಯಾಸ ಮಾಡಿದ ಮಹಿಳೆಯರಲ್ಲಿ ಮಧ್ಯಮ ಕೆಮ್ಮಿನ ಸೋರಿಕೆ ಸರಾಸರಿ ಶೇ 98ರಷ್ಟು, ಜೋರು ಕೆಮ್ಮಿನದು ಶೇ 73ರಷ್ಟು ಇಳಿಯಿತು ಎಂದು ಮಿಲ್ಲರ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದ್ದರು. ನಮ್ಮವರಲ್ಲಿ ಅಷ್ಟು ಕಾಣಲಿಲ್ಲ, ಆದರೆ ಏಳೆಂಟು ದಿನಗಳಲ್ಲಿ ಏನೋ ಬದಲಾಗಿದೆ ಎಂಬ ಅನುಭವ ಸಿಕ್ಕವರು ಉಳಿದ ಹನ್ನೊಂದು ವಾರಗಳಿಗೆ ತಾವಾಗಿಯೇ ಬಂದರು. ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ ಕನಿಷ್ಠ ಎಂಟು ಸಂಕೋಚನ, ಮೂರು ತಿಂಗಳು ಎಂಬ ನಿಯಮ ನಿಮಗೆಲ್ಲ ಗೊತ್ತೇ ಇದೆ. ಸ್ನಾಯುವಿನ ಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುವ ಆಕ್ಸ್‌ಫರ್ಡ್ ಮಾಪನದಲ್ಲಿ ಎರಡರಷ್ಟು ಬಲವಿರುವವರಿಗೆ ಎರಡು ಮೂರು ಸೆಕೆಂಡು ಹಿಡಿತ, ಅದರ ಎರಡರಷ್ಟು ವಿಶ್ರಾಂತಿ ಎಂದು ಆರಂಭಿಸುತ್ತೇನೆ. ಮಲಗಿ, ಕುಳಿತು, ನಿಂತು ಮಾಡಿದ ಮೇಲೆ ನೀರಿನ ಕೊಡದ ಸರದಿ: ಐದು ಲೀಟರ್ ನೀರಿನಿಂದ ಹದಿನೈದರವರೆಗೆ, ಉಸಿರು ಬಿಡುತ್ತಾ, ಬಿಗಿಹಿಡಿದು ಎತ್ತುವುದು. ಒಂದರಷ್ಟೂ ಬಲವಿಲ್ಲದವರಲ್ಲಿ ಸ್ನಾಯುವನ್ನು ಎಚ್ಚರಿಸಲು ನಾನು ಅನುಸರಿಸುವ ಭಂಗಿಯೊಂದಿದೆ. ಅದನ್ನು ನನ್ನ ಬಳಿ ತರಬೇತಿಗೆ ಬಂದವರಿಗೆ ಮಾತ್ರ ತೋರಿಸಿದ್ದೇನೆ, ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಮನೆಯಲ್ಲಿ ನೆನಪಿಸಲು ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಕಳುಹಿಸಿ ನೋಡಿದೆ. ಫೋನ್ ಮಗನ ಕೈಯಲ್ಲೋ ಗಂಡನ ಜೇಬಿನಲ್ಲೋ ಇರುತ್ತಿದ್ದುದರಿಂದ ಇಬ್ಬರು ಮಹಿಳೆಯರು ಸಂಕೋಚಪಟ್ಟು ಬರುವುದನ್ನೇ ಬಿಟ್ಟರು. ಆಮೇಲೆ ಅಭ್ಯಾಸವನ್ನು ಅವರವರ ದಿನಚರಿಗೇ ಕಟ್ಟಿದೆ. ಹಾಸಿಗೆಯಿಂದ ಏಳುವ ಮುನ್ನ ಒಂದು ಬಾರಿ, ಜೋಳದ ರೊಟ್ಟಿ ಬಡಿದು ಮುಗಿಸಿ ಫರಸಿಯ ಮೇಲೆ ಕುಳಿತಲ್ಲೇ ಒಂದು ಬಾರಿ, ಸಂಜೆ ದೀಪ ಹಚ್ಚುವ ಮುನ್ನ ಒಂದು ಬಾರಿ. ಅತ್ಯಂತ ನಿಯಮಿತವಾಗಿ ಮಾಡಿದವರು ದರ್ಗಾ ಸುತ್ತಲಿನ ಬಡಾವಣೆಗಳ ಮುಸ್ಲಿಂ ಮಹಿಳೆಯರು. ಮೂತ್ರ ಹನಿದರೆ ವಜೂ, ಅಂದರೆ ನಮಾಜ್‌ಗೆ ಮುನ್ನ ಕೈಕಾಲು ಮುಖ ತೊಳೆದು ಪಡೆವ ಶುದ್ಧಿ, ಮುರಿಯುತ್ತದೆ, ಮತ್ತೆ ಮಾಡಿಕೊಳ್ಳಬೇಕು. ಬಾಗಿ ಏಳುವಾಗಲೇ ಹನಿಯುವವರಿಗೆ ಪ್ರತಿ ನಮಾಜ್ ಒಂದು ಆತಂಕ. ನಮಾಜ್ ಮುಗಿದ ನಂತರ ಅದೇ ಚಾಪೆಯ ಮೇಲೆ ಕುಳಿತು ಮಾಡಿ ಎಂದು ನಾನು ದಖನಿಯಲ್ಲಿ ಹೇಳಿಕೊಟ್ಟದ್ದನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ ಎಂದೇ ಹೇಳಬೇಕು. ಅವರಲ್ಲಿ ಒಬ್ಬರು ತಮ್ಮ ಕುಟುಂಬದ ಐದಾರು ಜನರನ್ನು ಕರೆತಂದರು. ನನ್ನ ಎರಡನೆಯ ವರ್ಷ ನಿಂತದ್ದೇ ಅವರ ಮಾತಿನ ಮೇಲೆ.

ನೀರಿನ ಬಗ್ಗೆಯೂ ಒಂದು ಪ್ರಯೋಗ ಮಾಡಿದೆ. ನಮ್ಮಲ್ಲಿ ಬೇಸಿಗೆ 42 ಡಿಗ್ರಿ ದಾಟಿದರೂ ಸೋರಿಕೆಯ ಭಯಕ್ಕೆ ಹೆಂಗಸರು ನೀರು ಕುಡಿಯುವುದಿಲ್ಲ. ಮಲಬದ್ಧತೆ ಬರುತ್ತದೆ, ಮುಕ್ಕುತ್ತಾರೆ, ಕಟ್ಟಿದ ಬಲವೆಲ್ಲ ಅಲ್ಲಿಯೇ ವ್ಯರ್ಥವಾಗುತ್ತದೆ. ಒಂದು ಗುಂಪಿಗೆ ವ್ಯಾಯಾಮದ ಜೊತೆ ನೀರನ್ನು ಬೆಳಗಿನಿಂದ ಸಂಜೆಯವರೆಗೆ ಹಂಚಿ ಎರಡು ಲೀಟರಿಗೆ ಏರಿಸಿದೆ. ಮೊದಲ ವಾರ ಗೊಣಗಿದರು, ಮೂರನೆಯ ವಾರಕ್ಕೆ ಮಲಬದ್ಧತೆಯ ದೂರು ಅರ್ಧಕ್ಕಿಳಿಯಿತು. ಈಗ ಎಲ್ಲ ಗುಂಪಿಗೂ ಇದನ್ನೇ ಹೇಳುತ್ತೇನೆ. ಹೃದಯ, ಮೂತ್ರಪಿಂಡದ ಕಾಯಿಲೆಯಿರುವವರಿಗೆ ಮಾತ್ರ ಅವರ ವೈದ್ಯರನ್ನು ಕೇಳಿ ನಿರ್ಧರಿಸುತ್ತೇನೆ.

ವೈದ್ಯರನ್ನು ಒಪ್ಪಿಸಿದ್ದು ಐನೂರು ರೂಪಾಯಿಯೊಳಗಿನ ಅಡುಗೆಮನೆಯ ಡಿಜಿಟಲ್ ತಕ್ಕಡಿ. ವ್ಯಾಯಾಮ ಮಾಡಿದವರಲ್ಲಿ ಶೇ 56, ಮಾಡದವರಲ್ಲಿ ಶೇ 6 ಮಂದಿ ಗುಣವಾಯಿತೆಂದು ಹೇಳಿದ್ದನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯಿಂದ ಓದಿ ಹೇಳಿದಾಗ ಆ ತಜ್ಞೆ ತಲೆಯಾಡಿಸಿದ್ದರು, ಅಷ್ಟೆ. ಅರ್ಧ ಲೀಟರ್ ನೀರು ಕುಡಿಸಿ, ತೂಕ ಮಾಡಿದ ಪ್ಯಾಡ್ ಕೊಟ್ಟು, ಒಂದು ಗಂಟೆ ನಡೆಸಿ, ಮೆಟ್ಟಿಲು ಹತ್ತಿಸಿ, ಕೆಮ್ಮಿಸಿ, ಮತ್ತೆ ತೂಗುವ ಪರೀಕ್ಷೆಯನ್ನು ಅವರೇ ಕಳುಹಿಸಿದ ನಾಲ್ಕು ಹೆರಿಗೆಯ ಮಹಿಳೆಯ ಮೇಲೆ ಮಾಡಿದೆ. ಮೊದಲು ಮೂವತ್ತು ಗ್ರಾಂನ ಆಸುಪಾಸು, ಮೂರು ತಿಂಗಳ ನಂತರ ಮೂರು ಗ್ರಾಂ. ಗರ್ಭಕೋಶ ತೆಗೆಸಿದರೆ ಸರಿಹೋಗುತ್ತದೆ ಎಂದು ಬೇರೆಡೆ ಯಾರೋ ಆಕೆಗೆ ಹೇಳಿದ್ದರು. ಗರ್ಭಕೋಶ ತೆಗೆಯುವುದು ಈ ಸೋರಿಕೆಗೆ ಚಿಕಿತ್ಸೆಯೇ ಅಲ್ಲ ಎಂದು ಈಗ ಆ ತಜ್ಞೆಯೇ ತಮ್ಮ ರೋಗಿಗಳಿಗೆ ಹೇಳುತ್ತಾರೆ. ಇದನ್ನು ನನ್ನ ಅತಿದೊಡ್ಡ ಗೆಲುವೆಂದು ಭಾವಿಸುತ್ತೇನೆ.

ಎಲ್ಲರನ್ನೂ ಗುಂಪಿಗೆ ಸೇರಿಸಿಕೊಳ್ಳುವುದಿಲ್ಲ. ಮೂತ್ರದಲ್ಲಿ ರಕ್ತ, ಉರಿ, ಹೆರಿಗೆಯ ನಂತರ ಹಗಲಿರುಳು ನಿಲ್ಲದ ಸೋರಿಕೆ, ಹೊರಗೆ ಕಾಣುವಷ್ಟು ಜಾರಿದ ಗರ್ಭಕೋಶ, ಇವರು ಮೊದಲು ವೈದ್ಯರ ಬಳಿಗೆ ಹೋಗಬೇಕು. ಮೂರು ತಿಂಗಳು ನಿಷ್ಠೆಯಿಂದ ಮಾಡಿಯೂ ಫಲ ಕಾಣದವರಿಗೆ ಮೂತ್ರನಾಳದ ಕೆಳಗೆ ಆಧಾರದ ಪಟ್ಟಿ ಕೂರಿಸುವ ಸ್ಲಿಂಗ್ ಶಸ್ತ್ರಚಿಕಿತ್ಸೆಯ ಬಗ್ಗೆ ತಜ್ಞರೊಂದಿಗೆ ಮಾತನಾಡಲು ನಾನೇ ಪತ್ರ ಬರೆದುಕೊಡುತ್ತೇನೆ. ಹಳ್ಳಿಯವರ ಗುಂಪನ್ನು ಸೆಪ್ಟೆಂಬರ್ ಆರಂಭದಲ್ಲೇ ತೊಡಗಿಸುತ್ತೇನೆ, ಏಕೆಂದರೆ ಡಿಸೆಂಬರ್‌ನಲ್ಲಿ ತೊಗರಿ ಕೊಯ್ಲು ಶುರುವಾದ ಮೇಲೆ ಹನ್ನೆರಡನೆಯ ವಾರದ ಪ್ಯಾಡ್ ಪರೀಕ್ಷೆಗೆ ಯಾರೂ ಸಿಗುವುದಿಲ್ಲ.