ಅದು ಕೊಳೆಯಲ್ಲ, ಮೊಲಕ್ಕೆ ಶಾಂಪೂ ಹಾಕಬೇಡಿ

ಸಂಕ್ರಾಂತಿ ಹತ್ತಿರ ಬಂತೆಂದರೆ ಸಾಕು, ಅಪಾರ್ಟ್‌ಮೆಂಟಿನ ಹುಡುಗರು ಒಬ್ಬೊಬ್ಬರೇ ಬಾಗಿಲು ಬಡಿಯುತ್ತಾರೆ. "ಆಂಟಿ, ನಮ್ಮ ಮೊಲದ ಬೆನ್ನ ಮೇಲೆ ಕಪ್ಪು ಕಲೆ ಆಗಿದೆ, ಎಷ್ಟು ತೊಳೆದರೂ ಹೋಗ್ತಿಲ್ಲ." ತೊಳೆದರೆ ಎಲ್ಲಿ ಹೋಗುತ್ತೆ? ಅದು ಕೂದಲಿನ ಬಣ್ಣ. ಅಷ್ಟಕ್ಕೂ ಮೊಲವನ್ನು ತೊಳೆಯಿರಿ ಅಂತ ಹೇಳಿದವರು ಯಾರು?

ಬಿಳಿ ಮೈ, ಕಪ್ಪು ಕಿವಿ, ಕಪ್ಪು ಮೂಗು, ಕೆಂಪು ಕಣ್ಣು. ಅಂಗಡಿಯವರು ಹಿಮಾಲಯನ್, ಕ್ಯಾಲಿಫೋರ್ನಿಯನ್ ಅಂತ ಕೊಡುವ ಮೊಲಗಳು ಇವೇ. ಇವುಗಳಲ್ಲಿ ಕಪ್ಪು ಬಣ್ಣ ತಯಾರಿಸುವ ಕಿಣ್ವ ಮೈ ಬೆಚ್ಚಗಿರುವ ಕಡೆ ಕೆಲಸ ಮಾಡುವುದಿಲ್ಲ, ತಣ್ಣಗಿರುವ ಕಡೆ ಮಾಡುತ್ತದೆ. ಕಿವಿ, ಮೂಗು, ಪಾದ, ಬಾಲ ಕಪ್ಪಗಿರುವುದು ಅದಕ್ಕೇ. ಚಳಿಗಾಲದಲ್ಲಿ ಬೆನ್ನಿನ ಮೇಲೆ ಎಲ್ಲೋ ಕೂದಲು ಉದುರಿ ಚರ್ಮಕ್ಕೆ ತಂಪು ತಗುಲಿದರೆ ಅಲ್ಲಿ ಬರುವ ಹೊಸ ಕೂದಲೂ ಕಪ್ಪಾಗಬಹುದು. ಆಪರೇಷನ್ನಿಗೆ ಅಂತ ಡಾಕ್ಟರು ಬೋಳಿಸಿದ ಜಾಗದಲ್ಲೂ ಹೀಗಾಗುವುದುಂಟು. ಬೆನ್ನು ಬೋಳಿಸಿ ಐಸ್ ಚೀಲ ಕಟ್ಟಿದ ಮೊಲಕ್ಕೆ ಅಲ್ಲಿ ಕಪ್ಪು ಕೂದಲೇ ಬಂದ ಚಿತ್ರ ನನ್ನ ಮಗನ ಕಾಲೇಜು ಪುಸ್ತಕದಲ್ಲೇ ಇತ್ತು. ನೀವೂ ಓದಿದವರೇ ಅಲ್ವಾ? ಒಮ್ಮೆ ಬೆಳೆದ ಕೂದಲು ಮತ್ತೆ ಬಿಳಿಯಾಗುವುದಿಲ್ಲ. ಅದು ತಾನಾಗಿ ಉದುರಿ, ಸೆಕೆಗಾಲದಲ್ಲಿ ಹೊಸದು ಬರುವವರೆಗೆ ಸುಮ್ನೆ ಇರಿ.

ಕಪ್ಪು ಮೊಲದ್ದು ಬೇರೆ ಕಥೆ. ಬಾಲ್ಕನಿಯ ಬಿಸಿಲಿಗೆ ಹಳೇ ಕೂದಲು ಕೆಂಪು ತಿರುಗುತ್ತದೆ. ಅದರ ನಡುವೆ ಹೊಸದು ಕಡುಕಪ್ಪಾಗಿ ತೇಪೆ ತೇಪೆಯಾಗಿ ಬರುತ್ತದೆ. ನೋಡಲು ವಿಕಾರ, ಆದರೆ ರೋಗ ಏನಲ್ಲ. ಬಿಸಿಲು ಅಂದಾಗ ನೆನಪಾಯಿತು, ಬಣ್ಣದ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಹರವಿ ಅಂತ ಸೊಸೆಗೆ ಹೇಳಿ ಹೇಳಿ ಸಾಕಾಗಿದೆ. ಮೊನ್ನೆ ಮತ್ತೆ ಹೊಸ ಕಪ್ಪು ಚೂಡಿದಾರ್ ಟೆರೇಸಿನ ಮೇಲೆ ಮಟಮಟ ಮಧ್ಯಾಹ್ನ ಬಾಡುತ್ತಿತ್ತು.

ಕೆನಡಾದ ಕಾಡುಮೊಲ ಚಳಿಗಾಲಕ್ಕೆ ಪೂರ್ತಿ ಬೆಳ್ಳಗಾಗುವ ವಿಡಿಯೋ ನೋಡಿ, ನಮ್ಮದೂ ಆಗುತ್ತಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಅದು ಬೇರೆ ಜಾತಿ. ಹಗಲಿನ ಉದ್ದ ನೋಡಿಕೊಂಡು ಕೂದಲು ಬದಲಿಸುವುದು ಮಾತ್ರ ಎರಡಕ್ಕೂ ಉಂಟು. ಚಳಿದೇಶಗಳಲ್ಲಿ ಸಾಕಿದ ಮೊಲಕ್ಕೂ ವರ್ಷಕ್ಕೆ ಎರಡು ಸಲ ಜೋರಾಗಿ ಉದುರುತ್ತದೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೆ. ಅದರ ಮೇಲೆ ನಿಮ್ಮ ಮನೆಗಳಲ್ಲಿ ನಡುರಾತ್ರಿಯವರೆಗೂ ಲೈಟು. ಪಾಪ, ಅದಕ್ಕೆ ಯಾವ ಕಾಲ ಅಂತ ಹೇಗೆ ಗೊತ್ತಾಗಬೇಕು? ಯಾವಾಗೆಂದರೆ ಆವಾಗ ಉದುರಿಸುತ್ತದೆ.

ಉದುರುವಾಗ ಏನು ಮಾಡಬೇಕು ಅನ್ನುವುದನ್ನೇ ಯಾರೂ ಕೇಳುವುದಿಲ್ಲ. ಕೆಲವರು ಬಕೆಟ್‌ನಲ್ಲಿ ಅದ್ದುತ್ತಾರೆ, ಕೆಲವರು ಹೇನಿನ ಬಾಚಣಿಗೆಯಲ್ಲಿ ಎಳೆಯುತ್ತಾರೆ. ನೆನೆದ ಮೊಲ ಬೇಗ ಒಣಗುವುದಿಲ್ಲ, ಮೈ ತಣ್ಣಗಾಗಿ ಜೀವಕ್ಕೇ ಅಪಾಯ. ಹೆದರಿ ಒದ್ದಾಡಿದರೆ ಬೆನ್ನುಮೂಳೆ ಮುರಿದುಕೊಳ್ಳಬಹುದು. ಚರ್ಮವಂತೂ ತೆಳು, ಬಾಚಣಿಗೆ ಸಿಕ್ಕಿದರೆ ಹರಿಯುತ್ತದೆ.

ತವರಿನಲ್ಲಿ ನಮ್ಮ ದೊಡ್ಡಮ್ಮ ಕೊಟ್ಟಿಗೆಯ ಪಕ್ಕ ಮೊಲ ಸಾಕಿದ್ದರು. ಹಾಲು ಕರೆದು ಮುಗಿಸಿ, ಕೈ ತೊಳೆದು, ಅದೇ ಒದ್ದೆ ಕೈಯಲ್ಲಿ ಮೊಲ ಸವರುತ್ತಿದ್ದರು. ನಾನು ಇವತ್ತಿಗೂ ಹಾಗೇ ಮಾಡುವುದು. ಮೊದಲು ಫ್ಯಾನ್ ಆಫ್ ಮಾಡಿ. ನೆಲದ ಮೇಲೇ ಕೂರಿ, ಸ್ಟೂಲಿನಿಂದ ಹಾರಿದರೆ ಕಾಲು ಮುರಿಯುತ್ತದೆ. ಮಡಿಲಿಗೆ ಹಳೇ ಕಾಟನ್ ಸೀರೆ ಹಾಸಿ. ನೈಲಾನ್ ನೈಟಿಯಲ್ಲಿ ಕೂತರೆ ಅರ್ಧ ಕೂದಲು ನಿಮ್ಮ ಮೈಗೇ. ಉಗುರುಬೆಚ್ಚಗಿನ ನೀರಿಗೆ ಕೈ ಅದ್ದಿ ಚೆನ್ನಾಗಿ ಕೊಡವಿ. ಎಷ್ಟು ಒದ್ದೆ ಅಂದರೆ, ಅಂಗೈ ಕೆನ್ನೆಗೆ ಇಟ್ಟರೆ ತಂಪು ಗೊತ್ತಾಗಬೇಕು, ಕೆನ್ನೆ ಒದ್ದೆಯಾಗಬಾರದು. ಮೊದಲು ಹಣೆ ಸವರಿ. ಅದು ತಲೆ ಕೆಳಗಿಟ್ಟು ಹಲ್ಲು ಮೆಲ್ಲಗೆ ಕಟಕಟ ಅನ್ನಿಸಲಿ, ಹಿತವಾಗಿದೆ ಅನ್ನುವ ಗುರುತು ಅದು, ಅಲ್ಲಿವರೆಗೂ ಬೆನ್ನಿಗೆ ಹೋಗಬೇಡಿ. ಆಮೇಲೆ ಕತ್ತಿನಿಂದ ಬಾಲದವರೆಗೆ ಒಂದು ಕೈ ಆದ ಮೇಲೆ ಇನ್ನೊಂದು ಕೈ. ಸ್ವಲ್ಪ ಹೊತ್ತಿನ ಮೇಲೆ ಬಾಲದಿಂದ ಭುಜದ ಕಡೆಗೆ ಹಗುರವಾಗಿ ಎದುರು ಸವರಿದರೆ ಸತ್ತ ಕೂದಲೆಲ್ಲ ಮೇಲೇಳುತ್ತದೆ. ಎರಡೂ ಅಂಗೈ ಉಜ್ಜಿ, ದೀಪದ ಬತ್ತಿ ಹೊಸೆದ ಹಾಗೆ ಸುರುಳಿಯಾಗಿ ಬರುತ್ತದೆ. ಅದನ್ನು ಪಕ್ಕದ ಡಬ್ಬಿಗೆ ಹಾಕಿ, ಮತ್ತೆ ಕೈ ಅದ್ದಿ. ಪಕ್ಕೆಯಲ್ಲಿ, ಬಾಲದ ಬುಡದಲ್ಲಿ ಕೂದಲು ಕೊನೆಗೆ ಬಿಡುವುದು. ಅಲ್ಲಿ ಕುಚ್ಚು ಎದ್ದಿದ್ದರೆ ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು ಎರಡು ಬೆರಳಲ್ಲಿ ಮುಟ್ಟಿ ನೋಡಿ, ಬಂದರೆ ಬರಲಿ. ಎಳೆಯಬೇಡಿ. ಉದುರುವ ಕಾಲದಲ್ಲಿ ದಿನಾ ಮಾಡಬೇಕು. ಭಾನುವಾರ ಟೈಮ್ ಸಿಕ್ಕಾಗ ಅಲ್ಲ.

ಇಷ್ಟು ಯಾಕೆ ಅಂದರೆ, ಮೈ ನೆಕ್ಕಿಕೊಂಡು ಕೂದಲು ನುಂಗಿದ ಮೊಲ ಬೆಕ್ಕಿನ ಹಾಗೆ ವಾಂತಿ ಮಾಡಲಾರದು. ಹಿಕ್ಕೆಗಳು ಕೂದಲಿನ ಎಳೆಗೆ ಪೋಣಿಸಿಕೊಂಡು ಬರುತ್ತಿದ್ದರೆ ಕೂದಲು ಜಾಸ್ತಿ ಒಳಗೆ ಹೋಗುತ್ತಿದೆ ಅಂತಲೇ. ಒಣಹುಲ್ಲು ಯಾವಾಗಲೂ ಮುಂದೆ ಇರಲಿ, ನೀರು ಅಗಲ ಬಟ್ಟಲಲ್ಲಿ ಇಡಿ, ಕ್ಯಾರೆಟ್ ತುಣುಕು ಸಾಕು. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಮುದುರಿ ಕೂತಿದ್ದರೆ ನಾಳೆಗೆ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಓಡಿ.

ಇನ್ನು, ಕೂದಲು ಬದಲಾಗುವಾಗ ಚರ್ಮ ಕೆಂಪಾಗುವುದಿಲ್ಲ. ಹೆಗಲ ಹತ್ತಿರ ಹೊಟ್ಟು ಎದ್ದು, ಮೊಲ ಕೆರೆದುಕೊಳ್ಳುತ್ತಿದ್ದರೆ ಅದು ಚರ್ಮದ ಹುಳದ ಬಾಧೆ ಇರಬಹುದು. ಬೇವಿನೆಣ್ಣೆ ಹಚ್ಚಲು ಹೋಗಬೇಡಿ, ಎಲ್ಲ ನೆಕ್ಕಿಬಿಡುತ್ತದೆ. ಮನೆಯ ನಾಯಿಗೆ ತಂದ ಉಣ್ಣೆ-ಚಿಗಟದ ಔಷಧಿ ಉಳಿದಿದೆ ಅಂತ ಅದನ್ನೂ ಹಾಕಬೇಡಿ. ಫಿಪ್ರೊನಿಲ್ ಇರುವ ಔಷಧಿ ಮೊಲಕ್ಕೆ ವಿಷ. ಮೊಲ ನೋಡಿ ಅಭ್ಯಾಸವಿರುವ ಡಾಕ್ಟರನ್ನೇ ಹುಡುಕಿ.